ಬ್ಲಾಕ್ ಇಲ್ಲ

ಫಕ್ರುದ್ದೀನನಿಗೆ ಗೊತ್ತಿಲ್ಲದ ವಿಷಯ ಭದ್ರಾವತಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಲಾರಿ, ಟ್ರಾಕ್ಟರುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಮುಚ್ಚಿದ ಕಾರ್ಖಾನೆ ಮತ್ತೆ ಯಾವಾಗ ತೆರೆಯುತ್ತದೆ, ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು ಒಳ್ಳೆಯದು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರೆ ಬಾಳುತ್ತಾಳೆ ಎಂಬುದನ್ನೆಲ್ಲ ಬಂದವರಿಗೆ ಹೇಳಿ ಕಳಿಸುತ್ತಿದ್ದ. ಬೇರಿಂಗಿಗೆ ಬಂದವರು ಬೇರಿಂಗ್ ಒಯ್ಯುತ್ತಿದ್ದರು, ಉಳಿದದ್ದನ್ನು ಅಂಗಡಿಯ ಮೆಟ್ಟಿಲ ಮೇಲೇ ಬಿಟ್ಟು ಹೋಗುತ್ತಿದ್ದರು. ಅದೊಂದು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಫೈಲು ಅವನದು. ಜಿಪ್ ಇರುವ ನೀಲಿ ಚೀಲದಲ್ಲಿ ಅದನ್ನು ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಹೊರಟನೆಂದರೆ ಎದುರು ಸಿಕ್ಕವರು ನಮಸ್ಕಾರ ಹೇಳಬೇಕು ಅನ್ನಿಸುವಂಥ ನಡಿಗೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವನು ಕೂರುತ್ತಿದ್ದ, ರೋಗಿಗೆ ಪಕ್ಕದ ಸ್ಟೂಲು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಅವನೇ ಹೇಳುತ್ತಿದ್ದ. ಎಷ್ಟು ದಿನದಿಂದ ಎಂದರೂ ಅವನೇ. ನೋವೊಂದನ್ನು ಮಾತ್ರ ರೋಗಿಗೆ ಬಿಟ್ಟುಕೊಡುತ್ತಿದ್ದ.

ಶಿರೀನ್ ಅವನ ತಮ್ಮ ಮುಬಶ್ಶಿರನ ಹೆಂಡತಿಯಾಗಿ ಆ ಮನೆಗೆ ಬಂದವಳು. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಸೊಸೆ ಎಂದು ಫಕ್ರುದ್ದೀನ್ ಮದುವೆಯ ಹೊತ್ತಿಗೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಆಮೇಲೆ ಆ ಎಂ.ಎಸ್ಸಿ. ಯಾರಿಗೂ ಬೇಕಾಗಲಿಲ್ಲ. ಮದುವೆಯಾದ ಎರಡನೆಯ ವರ್ಷ ಮುಬಶ್ಶಿರನ ತೊಡೆಯಲ್ಲಿ ಒಂದು ಗಡ್ಡೆ ಎದ್ದಿತು. ಅವನಿಗೆ ಆಗ ಇಪ್ಪತ್ತೇಳು. ಸೂಜಿ ಚುಚ್ಚಿ ತುಣುಕು ತೆಗೆದರು. ವಾರದ ಮೇಲೆ ಬಂದ ರಿಪೋರ್ಟನ್ನು ಫಕ್ರುದ್ದೀನ್ ಪಡಸಾಲೆಯಲ್ಲಿ ನಿಂತು, ಕನ್ನಡಕ ಏರಿಸಿಕೊಂಡು, ನೆಂಟರ ಮುಂದೆ ಓದಿದ.

“ಸ್ಮಾಲ್ ರೌಂಡ್ ಸೆಲ್ ಟ್ಯೂಮರ್. ಸ್ಮಾಲ್ ಅಂತೆ. ರೌಂಡ್ ಅಂತೆ. ಸಣ್ಣದು, ದುಂಡಗಿದೆ, ಬೇರು ಬಿಟ್ಟಿಲ್ಲ. ಅಲ್‌ಹಮ್ದುಲಿಲ್ಲಾಹ್.”

ನೆಂಟರೂ ಅಲ್‌ಹಮ್ದುಲಿಲ್ಲಾಹ್ ಎಂದರು. ಶಿರೀನ್ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಣ್ಣದು ಎಂದಿದ್ದದ್ದು ಗಡ್ಡೆಯನ್ನಲ್ಲ, ಅದರೊಳಗಿನ ಜೀವಕೋಶಗಳನ್ನು ಎಂದು ಅವಳಿಗೆ ಗೊತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಹತ್ತಾರು ಬಗೆಯ ಗಡ್ಡೆಗಳಿಗೆ ಅದೇ ಮುಖ: ನೀಲಿ ಬಣ್ಣದ ಸಣ್ಣ ದುಂಡು ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ, ಅಷ್ಟೇ. ಕಣ್ಣಿನಿಂದ ಅದಕ್ಕಿಂತ ಮುಂದೆ ಹೋಗಲಾಗದು. ಯಾವುದು ಎಂದು ತಿಳಿಯಬೇಕಾದರೆ ಕೋಶದೊಳಗಿನ ವಂಶವಾಹಿಯನ್ನು ಓದಬೇಕು, ಎಲ್ಲಿ ತುಂಡಾಗಿದೆ, ತುಂಡಾದದ್ದು ಯಾವುದಕ್ಕೆ ತಪ್ಪಾಗಿ ಅಂಟಿಕೊಂಡಿದೆ ಎಂದು. ಗಡ್ಡೆಯ ಹೆಸರು ಇರುವುದು ಅಲ್ಲಿ. ಔಷಧಿ ಆ ಹೆಸರಿಗೆ ತಕ್ಕಂತೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಅದನ್ನೇ ಬರೆದಿದ್ದರು, ಬ್ಲಾಕನ್ನು ಮುಂದಿನ ಪರೀಕ್ಷೆಗೆ ಕಳಿಸಿ ಎಂದು. ಆ ಸಾಲಿಗೆ ಬರುವಷ್ಟರಲ್ಲಿ ಫಕ್ರುದ್ದೀನನ ಓದು ಮುಗಿದಿತ್ತು.

ಅವಳು ರಾತ್ರಿ ಗಂಡನಿಗೆ ಹೇಳಿದಳು. ಗಂಡ ಅಣ್ಣನಿಗೆ ಹೇಳಿದ. ಅಣ್ಣ, ಹೆಂಗಸರಿಗೆ ಹೆದರಿಸುವುದೊಂದು ಚಾಳಿ ಎಂದು ನಕ್ಕು, ತಮ್ಮನನ್ನು ಒಬ್ಬ ನಾಟಿ ವೈದ್ಯನ ಬಳಿ ಕರೆದೊಯ್ದ. ತೊಗಟೆಯ ಕಷಾಯದಲ್ಲಿ ನಾಲ್ಕು ತಿಂಗಳು ಹೋಯಿತು. ಸಣ್ಣದು, ದುಂಡಗಿನದು ಶ್ವಾಸಕೋಶಕ್ಕೆ ಹೋಯಿತು. ಮುಬಶ್ಶಿರ್ ಹೋದ. ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮಾರನೆಯ ಬೆಳಿಗ್ಗೆ ಫಕ್ರುದ್ದೀನನೇ ಶಿರೀನಳ ಟ್ರಂಕನ್ನು ಗೂಡ್ಸ್ ಆಟೋಗೆ ಹಾಕಿಸಿ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿದ್ದ ಅವಳ ತಾಯಿಯ ಮನೆಗೆ ಮುಟ್ಟಿಸಿದ. ಒಳ್ಳೆಯ ಮನುಷ್ಯ, ಜವಾಬ್ದಾರಿಯವನು ಎಂದು ಅಕ್ಕಪಕ್ಕದವರು ಹೇಳಿದರು.

ಅದಾಗಿ ಎರಡು ವರ್ಷ. ಶಿರೀನ್ ಆಲ್ಕೊಳ ಸರ್ಕಲ್ಲಿನ ಹತ್ತಿರದ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದಳು. ಸತ್ತ ಗಂಡನ ನೆನಪು ಬರುತ್ತದಾ ಎಂದು ಯಾರಾದರೂ ಕೇಳಿದರೆ ಬರುತ್ತದೆ ಎನ್ನುತ್ತಿದ್ದಳು. ಹಾಗೆಂದರೆ ಕೇಳಿದವರಿಗೆ ಸಮಾಧಾನವಾಗುತ್ತಿತ್ತು. ನಿಜವಾಗಿ ಅವಳಿಗೆ ಏನೂ ಬರುತ್ತಿರಲಿಲ್ಲ. ಚಹಾದ ತಟ್ಟೆಯ ಭಾರ ಮಾತ್ರ ಒಮ್ಮೊಮ್ಮೆ ಕೈಗೆ ಬರುತ್ತಿತ್ತು.

ಏಪ್ರಿಲ್ ಕೊನೆಯ ಒಂದು ಶುಕ್ರವಾರ ಫಕ್ರುದ್ದೀನ್ ಫೋನ್ ಮಾಡಿದ. ತನ್ನ ಹೆಂಡತಿ ಅನೀಸಾ ತವರಿಗೆ ಹೋಗಿದ್ದಾಳೆ, ಅಮ್ಮಿಯನ್ನು ನಾಳೆ ಶಿವಮೊಗ್ಗದ ಆಸ್ಪತ್ರೆಗೆ ಕರೆತರಬೇಕು, ಜೊತೆಗೊಬ್ಬ ಹೆಣ್ಣಾಳು ಬೇಕಂತೆ, ಬಂದು ನಿಲ್ಲು ಎಂದ. ಅಮ್ಮಿಗೆ ಏನಾಗಿದೆ ಎಂದು ಅವಳು ಕೇಳಿದ ಮೇಲೆ, ಕ್ಯಾನ್ಸರ್, ನಿನಗೆ ಹೇಳಿಲ್ಲವಾ, ಎಂದ. ಟೈರಿನ ಗಾಳಿ ಕಡಿಮೆಯಾಗಿದೆ ಎನ್ನುವವನ ದನಿಯಲ್ಲಿ.

ಅಮ್ಮಿ ಎಂದರೆ ಗುಲ್ಷನ್, ಶಿರೀನಳ ಅತ್ತೆ. ಅರವತ್ಮೂರರ ಸಣಕಲು ಹೆಂಗಸು, ನಾಲಿಗೆ ಮಾತ್ರ ದಪ್ಪ ಎಂದು ಬೀದಿಯವರು ಹೇಳುತ್ತಿದ್ದರು. ಜೀವನದಲ್ಲಿ ಒಂದು ಬೀಡಿ ಸೇದಿದವಳಲ್ಲ. ಕೆಮ್ಮಿಗೆ ಆರು ತಿಂಗಳು ಸಿರಪ್ ಕುಡಿದು, ಟಿ.ಬಿ. ಎಂದು ಮಾತ್ರೆ ನುಂಗಿ, ಕೊನೆಗೆ ಎದೆಗೆ ಸೂಜಿ ಚುಚ್ಚಿದಾಗ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದಿತ್ತು. ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆಯನ್ನು ಕಂಡು ಅವಳು ಮೇಲಿನಿಂದ ಕೆಳಗೆ ನೋಡಿದಳು.

“ಸಣ್ಣಗಾಗಿದೀಯ. ನಾನೇ ಕ್ಯಾನ್ಸರ್ ಇಟ್ಕೊಂಡು ಇಷ್ಟಿದೀನಿ.”

ಡಾಕ್ಟರ್ ಪ್ರಿಯದರ್ಶಿನಿಯ ಕೋಣೆಯಲ್ಲಿ ಫಕ್ರುದ್ದೀನ್ ಎಂದಿನ ಕುರ್ಚಿ ಹಿಡಿದಿದ್ದ. ಐದು ನಿಮಿಷವೂ ಆಗಿರಲಿಲ್ಲ, ಅವನ ಕಾರು ಆಂಬುಲೆನ್ಸಿಗೆ ಅಡ್ಡ ನಿಂತಿದೆ ಎಂದು ಕಾವಲುಗಾರ ಬಂದು ಕರೆದ. ಆಂಬುಲೆನ್ಸ್ ಹೇಗೆ ತಿರುಗಿಸಬೇಕೆಂದು ಅವರಿಗೇ ಗೊತ್ತಿಲ್ಲ ಎನ್ನುತ್ತ ಅವನು ಎದ್ದು ಹೋದ. ಫೈಲು ಮೇಜಿನ ಮೇಲೆ ಉಳಿಯಿತು. ಆ ಮನೆಯ ಒಂದು ಫೈಲು ಮೊದಲ ಬಾರಿಗೆ ಶಿರೀನಳ ಕೈಗೆ ಬಂತು.

ಸೋಮವಾರದಿಂದ ಡ್ರಿಪ್ಪಿನಲ್ಲಿ ಕೀಮೋ ಎಂದಿತ್ತು. ಅದರ ಮೇಲೆ ಡಾಕ್ಟರ ಕೈಬರಹದಲ್ಲಿ ಒಂದು ಸಾಲು: ಬ್ಲಾಕ್ ಇಲ್ಲ, ಮನೆಯವರ ಹೇಳಿಕೆ.

ಇದು ಯಾಕೆ ಹೀಗಿದೆ ಎಂದು ಅವಳು ಕೇಳಿದಳು. ಡಾಕ್ಟರು ಮೊದಲ ಬಾರಿಗೆ ಅವಳ ಮುಖ ನೋಡಿದರು.

“ನಿಮ್ಮ ಭಾವನವರನ್ನ ಎರಡು ಸಲ ಕೇಳಿದೀನಮ್ಮ. ಬ್ಲಾಕ್ ಇದೆಯಾ ಅಂದೆ. ಇಲ್ಲವೇ ಇಲ್ಲ ಅಂದ್ರು. ಲ್ಯಾಬಿನೋರು ಮನೆಯವರಿಗೇ ಕೊಟ್ಟಿದೀವಿ ಅಂತಾರೆ. ನಾನೇನು ಮಾಡ್ಲಿ?”

ಮೂರನೆಯ ಸಲ, ಬೇರೆ ಮಾತಿನಲ್ಲಿ ಕೇಳಬಹುದಿತ್ತು ಎಂದು ಶಿರೀನಳಿಗೆ ಅನ್ನಿಸಿತು. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಮೂರನೆಯ ಸಲ ಯಾರು ಕೇಳುತ್ತಾರೆ. ಹೊಸದಾಗಿ ತುಣುಕು ತೆಗೆಯಬಾರದೇ ಎಂದಳು. ಕಳೆದ ಸಲ ಸೂಜಿ ಚುಚ್ಚಿದಾಗಲೇ ಶ್ವಾಸಕೋಶದ ಸುತ್ತ ಗಾಳಿ ತುಂಬಿ ನಾಲ್ಕು ದಿನ ಎದೆಗೆ ನಳಿಕೆ ಹಾಕಿದ್ದರು, ಇನ್ನೊಮ್ಮೆ ಆ ಜೀವ ತಡೆಯುವುದಿಲ್ಲ ಎಂದರು ಡಾಕ್ಟರು. ಸೇದದ ಹೆಂಗಸರ ಈ ಬಗೆಯ ಗಡ್ಡೆಯಲ್ಲಿ ಒಂದು ವಂಶವಾಹಿ ಕೆಟ್ಟಿರುವುದು ಬಹಳ, ಅದೇ ಇದ್ದರೆ ದಿನಕ್ಕೊಂದು ಮಾತ್ರೆ ಸಾಕು, ಡ್ರಿಪ್ಪೇ ಬೇಡ, ಆದರೆ ಪರೀಕ್ಷೆ ಮಾಡದೆ ಆ ಮಾತ್ರೆ ಕೊಡುವಂತಿಲ್ಲ ಎಂದರು. ಬ್ಲಾಕ್ ಸಿಕ್ಕರೆ ಫಲಿತಾಂಶ ಬರುವವರೆಗೆ ತಾನು ಕಾಯುತ್ತೇನೆ, ಸಿಗದಿದ್ದರೆ ಸೋಮವಾರ ಶುರು ಮಾಡಲೇಬೇಕು.

ಹೊರಗೆ ಬಂದಾಗ ಫಕ್ರುದ್ದೀನ್ ಆಂಬುಲೆನ್ಸ್ ಡ್ರೈವರನ ಅಜ್ಞಾನವನ್ನು ಅಮ್ಮಿಗೆ ವಿವರಿಸುತ್ತಿದ್ದ. ಅಮ್ಮಿಯ ಬ್ಲಾಕ್ ಎಲ್ಲಿ ಎಂದು ಶಿರೀನ್ ಕೇಳಿದಳು.

ಅವನು ನಕ್ಕ. “ನಿಂಗೂ ಅದೇನಾ? ಆ ಡಾಕ್ಟರಮ್ಮನೂ ಬ್ಲಾಕ್ ಬ್ಲಾಕ್ ಅಂತ ಪ್ರಾಣ ತಿಂದ್ರು. ಅಮ್ಮಿಗೆ ಯಾವ ಬ್ಲಾಕೂ ಇಲ್ಲ. ಹೋದ ವರ್ಷವೇ ಹಾರ್ಟ್ ತೋರಿಸಿದೀನಿ, ಪೈಪೆಲ್ಲಾ ಕ್ಲೀನ್. ಕಾಯಿಲೆ ಇರೋದು ಶ್ವಾಸಕೋಶಕ್ಕೆ, ಇವ್ರು ಹಾರ್ಟಿನ ಬ್ಲಾಕ್ ಕೇಳ್ತಾರೆ.”

ಶಿರೀನ್ ಅವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಣ್ಣೆ ಹಾಕಿ ಬಾಚಿದ ಆ ತಲೆ, ಕಂಕುಳಿಗೆ ಮತ್ತೆ ಏರಿದ ಆ ನೀಲಿ ಚೀಲ, ಜೇಬಿನಲ್ಲಿ ಎರಡು ಪೆನ್ನು. ಇಷ್ಟೇ ಇಷ್ಟು ಮನುಷ್ಯನಿಗೆ ಆ ಮನೆ ಇಷ್ಟು ವರ್ಷ ಹೆದರಿತ್ತು.

“ಹಾರ್ಟಿನದ್ದಲ್ಲ ಭಾಯಿಜಾನ್. ಲ್ಯಾಬಿನಲ್ಲಿ ಗಾಜಿನ ಪಟ್ಟಿಗಳ ಜೊತೆ ಒಂದು ಮೇಣದ ಗಟ್ಟಿ ಕೊಟ್ಟಿರ್ತಾರೆ. ಅರ್ಧ ಬೆಂಕಿಪೊಟ್ಟಣದಷ್ಟಿರತ್ತೆ. ಅಮ್ಮಿ ಎದೆಯಿಂದ ತೆಗೆದ ತುಣುಕು ಅದರೊಳಗಿರತ್ತೆ. ಅದಕ್ಕೆ ಬ್ಲಾಕ್ ಅಂತಾರೆ.”

“ಓ, ಅದಾ!” ಅವನ ಮುಖ ಅರಳಿತು. “ಅದನ್ನ ಎಲ್ರ ಹಾಗೆ ಕಸಕ್ಕೆ ಹಾಕೋನಾ ನಾನು? ದೇಹದ ತುಂಡು ಅದು. ಕಬರ್‌ಸ್ತಾನದಲ್ಲಿ ಹೂತಿದೀನಿ. ಕೈಕಾಲು ತೊಳೆದು ವುಜೂ ಮಾಡ್ಕೊಂಡು, ಫಾತಿಹಾ ಓದಿ. ಮುಬಶ್ಶಿರನ ಕಾಲ ಹತ್ರಾನೇ. ಅವನದನ್ನೂ ಅಲ್ಲೇ ಹೂತಿದ್ದೆ.”

ಮೈಯಿಂದ ಬೇರೆಯಾದದ್ದನ್ನು ಮಣ್ಣಿಗೆ ಕೊಡುವುದು ಅವರಲ್ಲಿ ಇದ್ದ ರೂಢಿಯೇ. ಕತ್ತರಿಸಿದ ಉಗುರನ್ನೂ ಅವಳ ತಾಯಿ ಹಿತ್ತಲಲ್ಲಿ ಹೂಳುತ್ತಿದ್ದಳು. ಆದರೆ ಅದನ್ನು ಹೂಳುವ ಮೊದಲು, ಇದನ್ನು ಯಾಕೆ ನಮಗೆ ಕೊಟ್ಟರು ಎಂದು ಕೌಂಟರಿನಲ್ಲಿ ಒಂದು ಮಾತು ಕೇಳುವುದು ಫಕ್ರುದ್ದೀನನ ರೂಢಿಯಲ್ಲಿ ಇರಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದಾಗುತ್ತದಲ್ಲ.

ಅದನ್ನು ತೆಗೆಯಬೇಕು, ಇವತ್ತೇ, ಎಂದಳು ಶಿರೀನ್. ಅವನು ಹೌಹಾರಿದ. ಮಣ್ಣಿಗೆ ಕೊಟ್ಟದ್ದನ್ನು ಯಾರಾದರೂ ವಾಪಸ್ ಕೇಳುತ್ತಾರಾ, ಜನ ನೋಡಿದರೆ ಏನಂದಾರು, ಇಷ್ಟು ದಿನದಲ್ಲಿ ಅದು ಕೊಳೆತಿರುತ್ತದೆ, ಮೇಣದ ಗಟ್ಟಿಯಿಂದ ಯಾವ ಡಾಕ್ಟರು ಏನು ಕಿಸಿಯುತ್ತಾರೆ. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬರೆದ ಮೇಲೆ ಮತ್ತೆ ಯಾವ ಕ್ಯಾನ್ಸರ್ ಎಂದು ಕೇಳುವುದು ಅವರ ಧಂದೆ, ಅಷ್ಟೇ.

“ನಿಮ್ಮ ಅಂಗಡಿಗೆ ಬೇರಿಂಗ್ ಕೇಳ್ಕೊಂಡು ಬಂದ್ರೆ ಹೇಗೆ ಕೊಡ್ತೀರಿ, ಭಾಯಿಜಾನ್?” ಶಿರೀನ್ ದನಿ ಏರಿಸಲಿಲ್ಲ. “ದುಂಡಗಿದೆ ಅಂತ ನೋಡಿ ಕೊಡ್ತೀರಾ?”

“ಹುಚ್ಚಾ? ಬೇರಿಂಗೆಲ್ಲ ದುಂಡಗೇ ಇರತ್ತೆ. ಒಳಗೆ ನಂಬರ್ ಹೊಡೆದಿರ್ತಾರೆ. ನಂಬರ್ ನೋಡಿ ಕೊಡೋದು. ಬೇರೆ ನಂಬರಿಂದು ಹಾಕಿದ್ರೆ ಹತ್ತು ಕಿಲೋಮೀಟರಿಗೆ ಗಾಡಿ ಜಾಮ್.”

“ಆ ನಂಬರನ್ನ ಹೂತಿದೀರಿ ನೀವು. ಎರಡು ಸಲ.”

ಫಕ್ರುದ್ದೀನ್ ನೀಲಿ ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ. ಆಗ ಬೆಂಚಿನಿಂದ ಗುಲ್ಷನ್ ಕೆಮ್ಮಿದಳು. ಅದು ದೀರ್ಘ ಕೆಮ್ಮು. ಮುಗಿಯುವವರೆಗೆ ಇಬ್ಬರೂ ಕಾಯಬೇಕಾಯಿತು.

“ನನ್ನ ಕೇಳದೇ ನನ್ನ ಹೂತಿದೀಯೇನೋ?” ಎಂದಳು ಮಗನಿಗೆ. “ಉಸಿರಾಡ್ತಿರೋಳಿಗೆ ಜಾಗ ಹಿಡಿದಿಟ್ಟಿದಾನೆ, ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ.”

ಅಮ್ಮಿ, ಒಮ್ಮೆ ಮಣ್ಣಿಗೆ ಹೋದದ್ದು, ಎಂದು ಅವನು ಶುರು ಮಾಡಿದ.

“ಅದು ನಂದು. ನಾನಿನ್ನೂ ಇದೀನಿ. ತೆಗಿ ಅಂತಿದೀನಿ, ತೆಗಿ.”

ಶಿವಮೊಗ್ಗದಿಂದ ಭದ್ರಾವತಿಯವರೆಗೆ ಫಕ್ರುದ್ದೀನ್ ಮಾತಾಡದೆ ಕಾರು ಓಡಿಸಿದ್ದು ಅದೇ ಮೊದಲು. ಗುಲ್ಷನ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಕಬರ್‌ಸ್ತಾನದ ಗೇಟಿನ ಬಳಿ ಬಂದಾಗ ಮಧ್ಯಾಹ್ನದ ಜುಹರ್ ನಮಾಜು ಮುಗಿದು ಬೀದಿ ಖಾಲಿಯಾಗಿತ್ತು. ಹೆಂಗಸರು ಒಳಗೆ ಹೋಗುವ ವಾಡಿಕೆ ಅಲ್ಲಿಲ್ಲ. ಗಂಡನ ಮಣ್ಣಿನ ದಿನವೂ ಶಿರೀನ್ ಈ ಗೇಟಿನವರೆಗೂ ಬಂದಿರಲಿಲ್ಲ. ಈಗ ಅದರ ತುಕ್ಕು ಹಿಡಿದ ಸಲಾಕೆಗಳ ನಡುವೆ ನೋಡಿದಳು. ಬೇವಿನ ಮರದ ಕೆಳಗೆ, ಕಾಂಪೌಂಡಿಗೆ ತಾಗಿದಂತೆ ಇದ್ದ ಒಂದು ಸಣ್ಣ ದಿಬ್ಬದ ಹತ್ತಿರ ಫಕ್ರುದ್ದೀನ್ ಪ್ಯಾಂಟು ಮಡಿಸಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಹಾಗಾದರೆ ಮುಬಶ್ಶಿರನ ಗೋರಿ ಅದೇ ಇರಬೇಕು. ಅವಳು ಕಲ್ಪಿಸಿಕೊಂಡಿದ್ದು ನಡುವಿನಲ್ಲೆಲ್ಲೋ. ಕಾರಿನ ಟೂಲ್ ಕಿಟ್ಟಿನ ಚಪ್ಪಟೆ ಸಲಾಕೆಯಿಂದ ಅವನು ಅಗೆಯುತ್ತಿದ್ದ. ಆಗಾಗ ತಲೆ ಎತ್ತಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದ.

ಅವನು ಹೊರಗೆ ಬಂದಾಗ ಕೈಯಲ್ಲಿ ಎರಡು ಡಬ್ಬಿಗಳಿದ್ದವು. ಅಂಗಡಿಯಲ್ಲಿ ಗ್ರೀಸ್ ತುಂಬಿ ಬರುವ ಚಿಕ್ಕ ತಗಡಿನ ಡಬ್ಬಿಗಳು. ಎರಡಕ್ಕೂ ಮಣ್ಣು ಮೆತ್ತಿತ್ತು. ಅಕ್ಕಪಕ್ಕದಲ್ಲೇ ಇದ್ದವು, ಯಾವುದು ಯಾರದೆಂದು ಗೊತ್ತಾಗಲಿಲ್ಲ ಎಂದ. ಗೊತ್ತಾಗಲಿಲ್ಲ ಎಂಬ ಮಾತನ್ನು ಅವನ ಬಾಯಿಂದ ಕೇಳಿ ಅವಳಿಗೆ ಸಂತೋಷವಾಗಬೇಕಿತ್ತು.

ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಅವಳು ಮುಚ್ಚಳಗಳನ್ನು ತೆಗೆದಳು. ಒಳಗಿನ ಗೋಡೆಗೆ ಉಳಿದಿದ್ದ ಗ್ರೀಸು ನೀರನ್ನು ದೂರ ಇಟ್ಟಿತ್ತು. ಪ್ಲಾಸ್ಟಿಕ್ ಕವರಿನೊಳಗೆ ಮೇಣದ ಗಟ್ಟಿಗಳು ಬೆಳ್ಳಗೆ, ಗಟ್ಟಿಯಾಗಿಯೇ ಇದ್ದವು. ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಪೆನ್ನಿನದಾದರೆ ಅಳಿಸಿ ಹೋಗುತ್ತಿತ್ತು. ಒಂದರ ನಂಬರಿನ ಕೊನೆಯಲ್ಲಿ ಈ ವರ್ಷ. ಇನ್ನೊಂದರಲ್ಲಿ ಮೂರು ವರ್ಷದ ಹಿಂದಿನದು. ಅದರ ಮೇಣದ ನಡುವೆ ಅಕ್ಕಿಕಾಳಿನಷ್ಟು ಕಂದು ಬಣ್ಣದ್ದೇನೋ ಇತ್ತು. ಮುಬಶ್ಶಿರನಲ್ಲಿ ನೆಲದ ಮೇಲೆ ಉಳಿದಿದ್ದು ಅಷ್ಟು.

ಅವಳು ಎರಡನ್ನೂ ತನ್ನ ಬ್ಯಾಗಿಗೆ ಹಾಕಿಕೊಂಡಳು. ಅವನದ್ದು ಯಾಕೆ, ಅದನ್ನು ವಾಪಸ್ ಹೂಳುತ್ತೇನೆ ಎಂದ ಫಕ್ರುದ್ದೀನ್. ಅವಳು ಜಿಪ್ ಎಳೆದಳು.

ಪರೀಕ್ಷೆ ಮಾಡುವುದು ಬೆಂಗಳೂರಿನ ಪ್ರಯೋಗಾಲಯ. ಎರಡು ಅರ್ಜಿಗಳನ್ನು ಅವಳೇ ತುಂಬಿ ತನ್ನ ಲ್ಯಾಬಿನ ಕೊರಿಯರಿನಲ್ಲಿ ಕಳಿಸಿದಳು. ಡಾಕ್ಟರ್ ಪ್ರಿಯದರ್ಶಿನಿ ಮಾತಿಗೆ ತಪ್ಪದೆ ಸೋಮವಾರದ ಡ್ರಿಪ್ಪನ್ನು ಮುಂದಕ್ಕೆ ಹಾಕಿದರು. ಬುಧವಾರ ಬೆಂಗಳೂರಿನಿಂದ ಒಬ್ಬ ಹುಡುಗಿಯ ಫೋನ್ ಬಂತು. ಎರಡನೆಯ ಅರ್ಜಿಯಲ್ಲಿ ರೋಗಿ ತೀರಿಕೊಂಡಿದ್ದಾರೆ ಎಂದು ಬರೆದಿದ್ದೀರಲ್ಲ, ಆದರೂ ಪರೀಕ್ಷೆ ಮಾಡಬೇಕೇ ಎಂದು ಅವಳು ಹಿಂಜರಿಯುತ್ತ ಕೇಳಿದಳು.

“ಮಾಡಿ.”

“ರಿಪೋರ್ಟ್ ಯಾವ ಡಾಕ್ಟ್ರಿಗೆ ಕಳಿಸ್ಬೇಕು, ಮೇಡಂ?”

“ನನಗೆ.”

ಹತ್ತನೆಯ ದಿನ ಅಮ್ಮಿಯ ಫಲಿತಾಂಶ ಬಂತು. ಡಾಕ್ಟರು ಹೇಳಿದ್ದ ಆ ವಂಶವಾಹಿಯಲ್ಲೇ ಒಂದು ಚೂರು ಕಳಚಿ ಹೋಗಿತ್ತು. ಡ್ರಿಪ್ ಬೇಕಾಗಲಿಲ್ಲ. ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ಗುಲ್ಷನ್ ಕೆಮ್ಮದೆ ಒಂದು ಪೂರ್ತಿ ವಾಕ್ಯ ಬೈಯುವಷ್ಟಾದಳು. ಮೈಮೇಲೆ ಗುಳ್ಳೆಗಳೆದ್ದವು, ಉಗುರಿನ ಬುಡ ಹಣ್ಣಾಯಿತು, ಅವಕ್ಕೂ ಬೈದಳು. ಇದು ಕಾಯಿಲೆಯನ್ನು ಕಿತ್ತು ಹಾಕುವುದಿಲ್ಲ, ತಡೆದು ನಿಲ್ಲಿಸುತ್ತದೆ, ಒಂದೆರಡು ವರ್ಷ, ಅದೃಷ್ಟವಿದ್ದರೆ ಇನ್ನೂ ಹೆಚ್ಚು, ಎಂದು ಡಾಕ್ಟರು ಹೇಳಿದ್ದನ್ನು ಶಿರೀನ್ ಅವಳಿಂದ ಮುಚ್ಚಿಡಲಿಲ್ಲ. ಎರಡು ವರ್ಷ ಇವನ ಅಂಗಡಿ ಭಾಷಣ ಕೇಳಬೇಕಾ ಎಂದಳು ಗುಲ್ಷನ್. ಫೈಲು ಈಗ ಅವಳ ದಿಂಬಿನ ಕೆಳಗಿತ್ತು. ಆಸ್ಪತ್ರೆಗೆ ಹೋಗುವ ದಿನ ಸೊಸೆಗೆ ಅವಳೇ ಫೋನ್ ಮಾಡಿಸುತ್ತಿದ್ದಳು.

ಇನ್ನೊಂದು ಫಲಿತಾಂಶ ಮೂರನೆಯ ವಾರದಲ್ಲಿ ಬಂತು. ಅಂಗಾಂಶ ಹಳೆಯದು, ಕಡಿಮೆ, ಆದರೂ ಸಾಕಾಯಿತು ಎಂದು ಮೊದಲು ಬರೆದಿದ್ದರು. ಕೆಳಗೆ ಒಂದು ಹೆಸರು. ಆ ಹೆಸರಿಗೆ ಅದರದೇ ಆದ ಔಷಧಿಗಳ ಒಂದು ಕ್ರಮ ಇದೆ, ಗಡ್ಡೆ ಇದ್ದಲ್ಲೇ ಇರುವಾಗ ಶುರುಮಾಡಿದರೆ ಹತ್ತರಲ್ಲಿ ಆರೇಳು ಜನ ಬದುಕುತ್ತಾರೆ. ಅದು ಅವಳಿಗೆ ಪರೀಕ್ಷೆಗೆ ಓದಿದ ಪುಸ್ತಕದಿಂದಲೇ ಗೊತ್ತಿತ್ತು. ಅವಳು ಕಾಗದವನ್ನು ನಾಲ್ಕಾಗಿ ಮಡಿಸಿದಳು. ಆಮೇಲೆ ಆ ದಿನದ ಉಳಿದ ಮೂತ್ರದ ಸ್ಯಾಂಪಲ್ಲುಗಳನ್ನು ಮುಗಿಸಿದಳು.

ಆ ಭಾನುವಾರ ಅವಳು ಭದ್ರಾವತಿಗೆ ಹೋದಾಗ ಫಕ್ರುದ್ದೀನ್ ಮನೆಯ ಕಟ್ಟೆಯ ಮೇಲೆ ಗಿರಾಕಿ ಚೌಡಪ್ಪನನ್ನು ಕೂರಿಸಿಕೊಂಡಿದ್ದ. ಅವನ ದನಿ ಒಳಗಿನ ಮಂಚದವರೆಗೂ ಕೇಳುತ್ತಿತ್ತು.

“ಬೇರೆಯೋರಾಗಿದ್ರೆ ಬಿಸಾಕಿರೋರು ಮಾರಾಯ್ರೆ. ನಾನು ಗ್ರೀಸ್ ಡಬ್ಬೀಲಿ ಹಾಕಿ, ನೆಲದಲ್ಲಿ ತಣ್ಣಗೆ ಇಟ್ಟಿದ್ದೆ. ಡಾಕ್ಟ್ರೇ ಆಶ್ಚರ್ಯಪಟ್ರು. ಈ ಬ್ಲಾಕ್ ಅನ್ನೋದು ಹಾರ್ಟಿಂದಲ್ಲ, ಗೊತ್ತಾ ನಿಮಗೆ?”

ಚೌಡಪ್ಪ ಗೊತ್ತಿಲ್ಲ ಎಂದ. ಫಕ್ರುದ್ದೀನ್ ವಿವರಿಸತೊಡಗಿದ.

ಗುಲ್ಷನ್ ಬಾಗಿಲ ಕಡೆ ನೋಡಿ ಮುಖ ತಿರುಗಿಸಿದಳು. ಪರೀಕ್ಷೆ ಮುಗಿದು ವಾಪಸ್ ಬಂದಿದ್ದ ತನ್ನ ಬ್ಲಾಕನ್ನು ಅವಳು ಎಲೆಅಡಿಕೆಯ ಪಾನ್‌ದಾನಿನಲ್ಲಿ, ಸುಣ್ಣದ ಡಬ್ಬಿಯ ಪಕ್ಕದ ಖಾನೆಯಲ್ಲಿ ಇಟ್ಟುಕೊಂಡಿದ್ದಳು. ಮತ್ತೆ ಹೂಳುತ್ತೇನೆಂದು ಮಗ ಎರಡು ಸಲ ಕೇಳಿದ್ದ. ನಾನು ಹೋಗುವಾಗ ಜೊತೆಗೇ ತಗೊಂಡು ಹೋಗ್ತೀನಿ, ಅವಸರ ಏನು, ಎಂದು ಅವನನ್ನು ಅಟ್ಟಿದ್ದಳು.

ಶಿರೀನ್ ನೀರಿನ ಲೋಟ ಮತ್ತು ಮಾತ್ರೆ ಕೊಟ್ಟಳು. ಗುಲ್ಷನ್ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅದೂ ಸಣ್ಣದು, ದುಂಡಗಿನದು.

“ಅವನದ್ದೂ ಬಂತಾ?”

“ಬಂತು, ಅಮ್ಮಿ.”

“ಹೆಸರಿತ್ತಾ ಅದಕ್ಕೆ?”

“ಇತ್ತು.”

ಹೊರಗೆ ಫಕ್ರುದ್ದೀನ್ ಚೌಡಪ್ಪನಿಗೆ ವಂಶವಾಹಿ ಎಂದರೇನೆಂದು ಹೇಳುತ್ತಿದ್ದ. ಮುದುಕಿ ಆ ಹೆಸರೇನೆಂದು ಕೇಳಲಿಲ್ಲ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ನೀರು ಕುಡಿದು, ಲೋಟವನ್ನು ಸೊಸೆಯ ಕೈಗೆ ಹೊರಿಸದೆ ತಾನೇ ಬಾಗಿ ನೆಲದ ಮೇಲಿಟ್ಟಳು.